ಒಟ್ಟಾವಾ ಚಳಿಗೆ ಹೀಟ್ ಪಂಪ್: ಒಬ್ಬರು 4 ಟನ್ ಅಂತಾರೆ, ಇನ್ನೊಬ್ಬರು ಬೇಡವೇ ಬೇಡ ಅಂತಾರೆ

ಬಾರ್‌ಹೇವನ್_ಕನ್ನಡಿಗ
ಎಲ್ಲರಿಗೂ ನಮಸ್ಕಾರ. ನಮ್ಮದು ಎಂಬತ್ತರ ದಶಕದ ಮನೆ. ಎರಡು ಅಂತಸ್ತು, ಕೆಳಗೆ ಬೇಸ್‌ಮೆಂಟ್. ಮನೆ ಬಿಸಿ ಮಾಡೋ ಗ್ಯಾಸ್ ಫರ್ನೇಸ್‌ಗೆ ವಯಸ್ಸಾಗಿದೆ, ಎಸಿ ಹೋದ ಬೇಸಿಗೆಯಲ್ಲೇ ಕೈಕೊಟ್ಟಿತು. ಎರಡನ್ನೂ ತೆಗೆದು ಹೀಟ್ ಪಂಪ್ (ಚಳಿಗೆ ಬಿಸಿ, ಬೇಸಿಗೆಗೆ ತಂಪು, ಎರಡನ್ನೂ ಕರೆಂಟಲ್ಲಿ ಕೊಡೋ ಯಂತ್ರ) ಹಾಕಿಸೋಣ ಅಂತ ಕೊಟೇಶನ್ ಕೇಳಿದೆ, ತಲೆ ಕೆಟ್ಟುಹೋಯಿತು. ಮೊದಲು ಬಂದವರು "ಒಟ್ಟಾವಾ ಚಳಿಗೆ ಇದು ಆಗಲ್ಲ, ಹೊಸ ಫರ್ನೇಸ್ ಹಾಕಿಸ್ಕೊಳ್ಳಿ" ಅಂದರು. ಎರಡನೆಯವರು ಮನೆಯೊಳಗೂ ಬರಲಿಲ್ಲ. ಹೊರಗಿಂದಲೇ ನೋಡಿ "4 ಟನ್ ಬೇಕು" ಅಂತ ಬರೆದುಕೊಟ್ಟರು.

ಮೈನಸ್ 25ರಲ್ಲಿ ಇದು ನಿಜವಾಗಿ ಮನೆ ಬಿಸಿ ಮಾಡುತ್ತಾ? ಎಷ್ಟು ಟನ್ ಬೇಕು ಅಂತ ಗೊತ್ತು ಮಾಡೋದು ಹೇಗೆ? ಮುಂದಿನ ಚಳಿಗಾಲಕ್ಕೆ ಊರಿಂದ ಅಮ್ಮ ಬರ್ತಾರೆ, ಮನೆ ತಣ್ಣಗಿದ್ದರೆ ನನ್ನ ಕಥೆ ಮುಗೀತು.

ಪೀಣ್ಯ_ಟು_ವಿನ್ನಿಪೆಗ್
ನಾನು ಇದೇ ಕೆಲಸದಲ್ಲಿ ಇರೋನು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಆಗಲ್ಲ ಅನ್ನೋದು ಹಳೇ ಮಾತು. ಫ್ರಿಜ್ ಹಿಂಭಾಗ ಬೆಚ್ಚಗಿರುತ್ತಲ್ಲ, ಇಲ್ಲಿ ನಡೆಯೋದೂ ಅದೇ ಕೆಲಸ. ಪೈಪಿನೊಳಗಿನ ರೆಫ್ರಿಜರೆಂಟ್ ಸಾಧಾರಣ ಒತ್ತಡದಲ್ಲಿ ಮೈನಸ್ 50 ಡಿಗ್ರಿ ಹತ್ತಿರ ಕುದಿಯುತ್ತೆ. ಹಾಗಾಗಿ ಹೊರಗೆ ಮೈನಸ್ 25 ಇದ್ದರೂ ಆ ಗಾಳಿ ಅದಕ್ಕೆ ಬಿಸಿಯೇ. ಆ ಬಿಸಿಯನ್ನು ಎಳೆದುಕೊಂಡು ಆವಿಯಾಗುತ್ತೆ, ಕಂಪ್ರೆಸರ್ ಅದನ್ನು ಒತ್ತಿ ಇನ್ನಷ್ಟು ಬಿಸಿ ಮಾಡಿ ಒಳಗೆ ತಂದು ಬಿಡುತ್ತೆ.

ಆದರೆ ಚಳಿ ಜಾಸ್ತಿ ಆದಷ್ಟೂ ಎರಡು ವಿಷಯ ಕುಸಿಯುತ್ತೆ. ಒಂದು, ಯಂತ್ರ ಕೊಡೋ ಬಿಸಿಯ ಪ್ರಮಾಣ. ಇನ್ನೊಂದು ಸಿಒಪಿ, ಅಂದರೆ ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಬಿಸಿ ಸಿಗುತ್ತೆ ಅನ್ನೋದು. ಹೊರಗೆ 8 ಡಿಗ್ರಿ ಇದ್ದಾಗ ಒಳ್ಳೇ ಯಂತ್ರ ಮೂರೂವರೆ, ನಾಲ್ಕು ಕೊಡುತ್ತೆ. ಮೈನಸ್ 15ಕ್ಕೆ ಎರಡರ ಆಸುಪಾಸು. ಮೈನಸ್ 25ಕ್ಕೆ ಇನ್ನೂ ಕೆಳಗೆ. ಅದೇ ಹೊತ್ತಿಗೆ ಮನೆ ಕೇಳೋ ಬಿಸಿ ಏರ್ತಾ ಇರುತ್ತೆ. ಯಂತ್ರ ಕೊಡೋ ಬಿಸಿ, ಮನೆ ಕೇಳೋ ಬಿಸಿ, ಈ ಎರಡು ಗೆರೆ ಎಲ್ಲಿ ಕೂಡುತ್ತವೋ ಅದೇ ಬ್ಯಾಲೆನ್ಸ್ ಪಾಯಿಂಟ್. ಅದಕ್ಕಿಂತ ಕೆಳಗೆ ಬ್ಯಾಕಪ್ ಬೇಕೇ ಬೇಕು.

ಹಾಗಾಗಿ ಮೊದಲು ಕೇಳಬೇಕಾದ್ದು ಯಂತ್ರದ ಬ್ರ್ಯಾಂಡ್ ಅಲ್ಲ, ನಿಮ್ಮ ಮನೆ ಎಷ್ಟು ಬಿಸಿ ಕಳ್ಕೊಳ್ಳುತ್ತೆ ಅನ್ನೋದು. ಕೆನಡಾದಲ್ಲಿ ಅದಕ್ಕೆ ಸಿಎಸ್‌ಎ ಎಫ್280 ಅಂತ ಲೆಕ್ಕದ ಪದ್ಧತಿಯೇ ಇದೆ. ಅಮೆರಿಕದವರು ಮ್ಯಾನ್ಯುಯಲ್ ಜೆ ಅಂತಾರೆ. ನಿಮಗೆ ಯಾರಾದರೂ ಅದು ಮಾಡಿಕೊಟ್ಟರಾ? ಇಲ್ಲ ಅಂದರೆ ಗ್ಯಾಸ್ ಬಿಲ್ ಹಾಕಿ, ಅಂದಾಜು ನಾವೇ ಮಾಡೋಣ.

ಬಾರ್‌ಹೇವನ್_ಕನ್ನಡಿಗ
ಯಾರೂ ಮಾಡಿಲ್ಲ ಸರ್. ಬಿಲ್ ಪ್ರಕಾರ ವರ್ಷಕ್ಕೆ ಸುಮಾರು 2,420 ಘನ ಮೀಟರ್ ಗ್ಯಾಸ್. ಜುಲೈ, ಆಗಸ್ಟಲ್ಲಿ ತಿಂಗಳಿಗೆ 35 ಇರುತ್ತೆ, ಅದು ಬಿಸಿನೀರು ಮತ್ತು ಒಲೆಗೆ. ಫರ್ನೇಸ್ ಮೇಲೆ 80% ಅಂತ ಚೀಟಿ ಇದೆ.

ಪೀಣ್ಯ_ಟು_ವಿನ್ನಿಪೆಗ್
ಇಷ್ಟು ಸಾಕು. ತಿಂಗಳಿಗೆ 35ರಂತೆ ವರ್ಷಕ್ಕೆ 420 ಕಳೆಯಿರಿ. ಮನೆ ಬಿಸಿಗೆ ಉಳಿದದ್ದು 2,000. ಒಂದು ಘನ ಮೀಟರ್ ಗ್ಯಾಸಿನಲ್ಲಿ ಹೆಚ್ಚುಕಮ್ಮಿ 10.4 ಯೂನಿಟ್ (ಕಿಲೋವ್ಯಾಟ್-ಅವರ್) ಶಕ್ತಿ ಇರುತ್ತೆ. ಅದರಲ್ಲಿ 80% ಮನೆಗೆ ಸೇರಿತು ಅಂದರೆ 16,640 ಯೂನಿಟ್.

ಒಟ್ಟಾವಾಗೆ ವರ್ಷದ ಹೀಟಿಂಗ್ ಡಿಗ್ರಿ ಡೇ ಸುಮಾರು 4,500. ದಿನದ ಸರಾಸರಿ ಉಷ್ಣತೆ 18 ಡಿಗ್ರಿಗಿಂತ ಎಷ್ಟು ಕೆಳಗಿದೆಯೋ ಅದನ್ನೆಲ್ಲ ಕೂಡಿಸಿದ ಲೆಕ್ಕ ಅದು. 16,640ನ್ನು 4,500ರಿಂದ, ಆಮೇಲೆ 24 ಗಂಟೆಯಿಂದ ಭಾಗಿಸಿ. ಪ್ರತಿ ಒಂದು ಡಿಗ್ರಿ ವ್ಯತ್ಯಾಸಕ್ಕೆ 0.154 ಕಿಲೋವ್ಯಾಟ್ ಬರುತ್ತೆ. ನಿಮ್ಮೂರಿನ ಡಿಸೈನ್ ಉಷ್ಣತೆ, ಅಂದರೆ ಲೆಕ್ಕಕ್ಕೆ ಹಿಡಿಯೋ ಕಡು ಚಳಿ, ಮೈನಸ್ 25. 18ರಿಂದ ಅಲ್ಲಿಗೆ 43 ಡಿಗ್ರಿ. ಗುಣಿಸಿದರೆ 6.6 ಕಿಲೋವ್ಯಾಟ್, ಅಂದರೆ ಗಂಟೆಗೆ ಸುಮಾರು 22,600 ಬಿಟಿಯು (ಬಿಸಿ ಅಳೆಯೋ ಇನ್ನೊಂದು ಮಾಪ).

ಈಗ ನೋಡಿ. ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು. ನಿಮಗೆ ಬರೆದುಕೊಟ್ಟಿರೋ 4 ಟನ್ ಅಂದರೆ 48,000. ಎರಡರಷ್ಟಕ್ಕಿಂತ ಜಾಸ್ತಿ! ನನ್ನದು ಬರೀ ಅಂದಾಜು. ಎಫ್280 ಮಾಡಿಸಿದರೆ ಸ್ವಲ್ಪ ಹಿಂದೆ ಮುಂದೆ ಆಗಬಹುದು, ಆದರೆ ಎರಡರಷ್ಟಂತೂ ಆಗಲ್ಲ.

ಮೈಸೂರ್_ಪಾಕ್
ದೊಡ್ಡದಿದ್ದರೆ ಒಳ್ಳೇದೇ ಅಲ್ವಾ? ಚಳಿ ಜಾಸ್ತಿ ಆದಾಗ ಉಪಯೋಗಕ್ಕೆ ಬರುತ್ತೆ.

ಪೀಣ್ಯ_ಟು_ವಿನ್ನಿಪೆಗ್
ಎಲ್ಲರೂ ಹಾಗೇ ಅಂದ್ಕೊಳ್ತಾರೆ. ಇನ್ವರ್ಟರ್ ಯಂತ್ರ ವೇಗ ಇಳಿಸಿಕೊಂಡು ನಿಧಾನಕ್ಕೆ ಓಡ್ತಾ ಇದ್ದರೇನೇ ಕರೆಂಟ್ ಉಳಿಯೋದು. ಆದರೆ ಇಳಿಸೋಕೂ ಒಂದು ಮಿತಿ ಇದೆ. ಅಕ್ಟೋಬರ್, ಏಪ್ರಿಲ್‌ನಲ್ಲಿ ಹೊರಗೆ 8 ಡಿಗ್ರಿ ಇದ್ದಾಗ ಇವರ ಮನೆ ಕೇಳೋದು ಒಂದೂವರೆ ಕಿಲೋವ್ಯಾಟ್ ಅಷ್ಟೇ. 4 ಟನ್ ಯಂತ್ರ ಅಷ್ಟು ಕೆಳಗೆ ಇಳಿಯಲ್ಲ. ಆನ್ ಆಗಿ, ಆಫ್ ಆಗಿ, ಮತ್ತೆ ಆನ್ ಆಗಿ, ಕಂಪ್ರೆಸರ್ ಬೇಗ ಸವೆಯುತ್ತೆ. ಬೇಸಿಗೆಯಲ್ಲೂ ತೇವಾಂಶ ಸರಿಯಾಗಿ ತೆಗೆಯಲ್ಲ, ಮನೆ ತಣ್ಣಗಿದ್ದರೂ ಮೈ ಅಂಟಂಟು ಇರುತ್ತೆ.

ಇನ್ನೊಂದು ಡಕ್ಟ್, ಅಂದರೆ ಮನೆಯೊಳಗೆ ಗಾಳಿ ಹಂಚೋ ಕೊಳವೆ. ಟನ್ನಿಗೆ ನಿಮಿಷಕ್ಕೆ 400 ಘನ ಅಡಿ ಗಾಳಿ ಬೇಕು ಅಂತ ಲೆಕ್ಕ. 4 ಟನ್ನಿಗೆ 1,600. ಎಂಬತ್ತರ ದಶಕದ ಡಕ್ಟ್ ಅಷ್ಟು ಗಾಳಿ ತಡ್ಕೊಳ್ಳುತ್ತಾ ಅನ್ನೋದು ಸ್ಟ್ಯಾಟಿಕ್ ಪ್ರೆಶರ್ (ಡಕ್ಟಿನೊಳಗಿನ ಗಾಳಿ ಒತ್ತಡ) ಅಳೆದರೆ ಗೊತ್ತಾಗುತ್ತೆ. ಎರಡು ತೂತು ಕೊರೆದು ಮೀಟರ್ ಇಡೋ ಕೆಲಸ, ಅರ್ಧ ಗಂಟೆಯೂ ಬೇಡ. ಅದನ್ನೂ ಮಾಡದೆ ಕೊಟೇಶನ್ ಕೊಡೋರನ್ನ ನಾನಾದರೆ ನಂಬಲ್ಲ.

ಯಂತ್ರ ಆರಿಸೋವಾಗ ಡಬ್ಬದ ಮೇಲಿರೋ ಟನ್ ನೋಡಬೇಡಿ, ಅದು ಹದವಾದ ಹವೆಯ ಲೆಕ್ಕ. ಎನ್‌ಇಇಪಿ ಅನ್ನೋ ಸಂಸ್ಥೆ ಚಳಿ ಪ್ರದೇಶದ ಹೀಟ್ ಪಂಪ್‌ಗಳ ಪಟ್ಟಿ ಇಟ್ಟಿದೆ. ಆ ಪಟ್ಟಿಗೆ ಸೇರಬೇಕಾದರೆ ಮೈನಸ್ 15ರಲ್ಲಿ ಸಿಒಪಿ ಕನಿಷ್ಠ 1.75 ಇರಬೇಕು. ಪ್ರತಿ ಮಾಡೆಲ್ ಮೈನಸ್ 15ರಲ್ಲಿ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಕೊಡುತ್ತೆ ಅಂತ ಅಲ್ಲಿ ಸಿಗುತ್ತೆ. ನೀವು ಅದರ ಜೊತೆ ಮೈನಸ್ 25ರ ಸಂಖ್ಯೆಯನ್ನೂ ಕಂಪನಿಯ ಕೋಷ್ಟಕದಲ್ಲಿ ಕೇಳಿ.

ಮಿನ್ನೆಸೋಟದ_ಮಾವ
ಟೆಕ್ನಿಕಲ್ ಮಾತೆಲ್ಲ ಸರಿ. ದುಡ್ಡಿನ ವಿಷಯ ಯಾರೂ ಎತ್ತುತ್ತಿಲ್ಲವಲ್ಲ! ಗ್ಯಾಸ್ ಪೈಪ್ ಮನೆಗೆ ಬಂದಿರೋ ಊರಲ್ಲಿ ಗ್ಯಾಸೇ ಅಗ್ಗ. ನಮ್ಮಲ್ಲಂತೂ ಹಾಗೇ.

ಲೆಕ್ಕ ಸುಲಭ ಇದೆ. ಒಂದು ಘನ ಮೀಟರ್ ಗ್ಯಾಸಿಗೆ, ಡೆಲಿವರಿ ಎಲ್ಲ ಸೇರಿ, 35 ಸೆಂಟ್ ಅಂತ ಇಟ್ಕೊಳ್ಳಿ. ಹೊಸ 95% ಫರ್ನೇಸ್‌ನಲ್ಲಿ ಅದರಿಂದ 9.9 ಯೂನಿಟ್ ಬಿಸಿ ಬರುತ್ತೆ. ಯೂನಿಟ್ಟಿಗೆ ಮೂರೂವರೆ ಸೆಂಟ್. ಕರೆಂಟ್ 13 ಸೆಂಟ್ ಅಂತ ಹಿಡಿದರೆ ಸಿಒಪಿ 4 ಇದ್ದಾಗ 3.25 ಸೆಂಟ್, 3 ಇದ್ದಾಗ 4.3, 2 ಇದ್ದಾಗ 6.5. ಅಂದರೆ ಚಳಿ ಕಮ್ಮಿ ಇರೋ ದಿನ ಹೀಟ್ ಪಂಪ್ ಗೆಲ್ಲುತ್ತೆ, ಕಡು ಚಳಿಗೆ ಗ್ಯಾಸ್ ಗೆಲ್ಲುತ್ತೆ. ನಿಮ್ಮ ಬಿಲ್ಲಿನ ದರ ಹಾಕಿ ನೋಡಿ, ಬೇರೆಯವರ ಮಾತು ಕೇಳಬೇಡಿ. ನನ್ನದನ್ನೂ ಸೇರಿಸಿ!

ಬಾರ್‌ಹೇವನ್_ಕನ್ನಡಿಗ
ಹಾಗಾದರೆ ಎರಡೂ ಇಟ್ಕೊಳ್ಳೋದಾ?

ಮಿನ್ನೆಸೋಟದ_ಮಾವ
ಅದನ್ನೇ ನಾವು ಮಾಡಿಸಿರೋದು. ಡ್ಯುಯಲ್ ಫ್ಯೂಯಲ್ ಅಂತಾರೆ. ಹೇಗೂ ಎಸಿ ಬದಲಾಯಿಸಬೇಕು ತಾನೇ? ಅದರ ಜಾಗಕ್ಕೆ ಹೀಟ್ ಪಂಪ್, ಕೆಳಗೆ ಫರ್ನೇಸ್. ಥರ್ಮೋಸ್ಟಾಟಿನಲ್ಲಿ ಒಂದು ಉಷ್ಣತೆ ಹಾಕ್ತೀರ, ಅದಕ್ಕಿಂತ ಚಳಿ ಆದರೆ ಗ್ಯಾಸಿಗೆ ತಿರುಗುತ್ತೆ. ಸಾಮಾನ್ಯ ಜೋಡಣೆಯಲ್ಲಿ ಎರಡೂ ಒಟ್ಟಿಗೆ ಉರಿಯಲ್ಲ, ಯಾಕೆಂದರೆ ಹೀಟ್ ಪಂಪಿನ ಒಳಗಿನ ಕಾಯಿಲ್ ಇರೋದು ಫರ್ನೇಸಿನ ಮೇಲೇ, ಅದರ ಬಿಸಿ ಗಾಳಿ ನೇರ ಇದಕ್ಕೆ ತಾಗುತ್ತೆ.

ಕ್ವಿಬೆಕ್‌ನಲ್ಲಿ ಹೈಡ್ರೊ-ಕ್ವಿಬೆಕ್‌ನವರು ಇದಕ್ಕೇ ಅಂತ ಡಿಟಿ ಅನ್ನೋ ದರ ಇಟ್ಟಿದ್ದಾರೆ. ಪ್ರದೇಶ ನೋಡಿಕೊಂಡು ಮೈನಸ್ 12ಕ್ಕೋ ಮೈನಸ್ 15ಕ್ಕೋ ತಾನಾಗಿ ಬೇರೆ ಇಂಧನಕ್ಕೆ ತಿರುಗಬೇಕು, ಅದಕ್ಕೆ ಬದಲು ಉಳಿದ ಹೊತ್ತು ಕರೆಂಟ್ ಅಗ್ಗ.

ಗ್ಲೀಬ್_ನಿವಾಸಿ
ನಾನೂ ಒಟ್ಟಾವಾದವಳೇ. ಒಂಟಾರಿಯೋದಲ್ಲಿ ಕರೆಂಟಿಗೆ ಒಂದೇ ದರ ಇಲ್ಲ ಅನ್ನೋದು ಮಾವನವರಿಗೆ ಗೊತ್ತಿರಲಿ. ಅಲ್ಟ್ರಾ ಲೋ ಓವರ್‌ನೈಟ್ ಪ್ಲಾನ್ ತಗೊಂಡರೆ ರಾತ್ರಿ 11ರಿಂದ ಬೆಳಿಗ್ಗೆ 7ರ ತನಕ ತುಂಬ ಅಗ್ಗ. ಚಳಿ ಬಿಗಿಯಾಗಿರೋದೂ ಅದೇ ಹೊತ್ತಲ್ವಾ! ಆದರೆ ವಾರದ ದಿನಗಳಲ್ಲಿ ಸಂಜೆ 4ರಿಂದ 9ರ ತನಕ ಕೈ ಸುಡುತ್ತೆ. ಆ ಹೊತ್ತಿಗೆ ಗ್ಯಾಸ್ ಇರೋರು ಗ್ಯಾಸ್ ಓಡಿಸ್ತಾರೆ.

ಮತ್ತೆ ಗ್ಯಾಸ್ ಪೂರ್ತಿ ಕಿತ್ತರೆ ತಿಂಗಳ ಫಿಕ್ಸೆಡ್ ಚಾರ್ಜ್ ಉಳಿಯುತ್ತೆ, ಅದನ್ನೂ ಲೆಕ್ಕಕ್ಕೆ ಹಿಡೀರಿ. ಸಬ್ಸಿಡಿ ವಿಷಯ: ಕೇಂದ್ರದ ಗ್ರೀನರ್ ಹೋಮ್ಸ್ ಗ್ರಾಂಟ್ 2024ರಲ್ಲೇ ಹೊಸಬರಿಗೆ ಮುಚ್ಚಿತು. ಒಂಟಾರಿಯೋದ್ದು ಹೋಮ್ ರಿನೋವೇಶನ್ ಸೇವಿಂಗ್ಸ್ ಅಂತ 2025ರ ಜನವರಿಯಲ್ಲಿ ಶುರುವಾಯಿತು. ಅದರಲ್ಲಿ ಕರೆಂಟಿನಲ್ಲಿ ಬಿಸಿ ಮಾಡೋ ಮನೆಗೆ ಜಾಸ್ತಿ, ಗ್ಯಾಸ್ ಮನೆಗೆ ಕಮ್ಮಿ. ಸಹಿ ಹಾಕೋ ಮುಂಚೆ ನೀವೇ ಓದ್ಕೊಳ್ಳಿ. ಸೇಲ್ಸ್‌ನವರು ಬಾಯಲ್ಲಿ ಹೇಳೋ ಸಬ್ಸಿಡಿ ಚೆಕ್ಕಾಗಿ ಬರಲ್ಲ.

ಮಲೆನಾಡ್_ಟು_ಮೇನ್
ನಮ್ಮ ರಾಜ್ಯದಲ್ಲಿ ಗ್ಯಾಸ್ ಪೈಪ್ ಇರೋ ಮನೆ ಕಮ್ಮಿ. ತುಂಬ ಮನೆಗಳಲ್ಲಿ ಸುಡೋದು ಎಣ್ಣೆ. ಅದರ ಮುಂದೆ ಹೀಟ್ ಪಂಪ್ ಲಾಭ ಬೇಗ ಕಾಣುತ್ತೆ. 2025ರ ಒಳಗೆ 1 ಲಕ್ಷ ಹೀಟ್ ಪಂಪ್ ಹಾಕಿಸ್ತೀವಿ ಅಂತ ಮೇನ್ ಸರ್ಕಾರ ಗುರಿ ಇಟ್ಟಿತ್ತು, 2023ರಲ್ಲೇ ಮುಟ್ಟಿಬಿಟ್ಟರು. ಚಳಿಗೆ ಆಗಲ್ಲ ಅನ್ನೋರಿಗೆ ಇದಕ್ಕಿಂತ ಉತ್ತರ ಬೇಕಾ?

ನಾನು ಹೇಳಬೇಕು ಅಂತ ಬಂದಿದ್ದು ಹಿಮದ ವಿಷಯ. ನಾವು ತಗೊಂಡ ಮನೆಗೆ ಹಿಂದಿನವರು ಹಾಕಿಸಿದ್ದ ಔಟ್‌ಡೋರ್ ಯೂನಿಟ್ ನೆಲದ ಮೇಲೆ, ಸರಿಯಾಗಿ ಸೂರಿನ ಕೆಳಗೆ ಇತ್ತು. ಹಗಲಲ್ಲಿ ಸೂರಿಂದ ಹಿಮ ಕರಗಿ ಫ್ಯಾನ್ ಮೇಲೆ ತೊಟ್ಟಿಕ್ಕೋದು, ರಾತ್ರಿ ಗಟ್ಟಿಯಾಗೋದು. ಬೆಳಿಗ್ಗೆ ಫ್ಯಾನ್ ತಿರುಗಿದರೆ ಟಕಟಕ ಅಂತ ಸದ್ದು. ಯೂನಿಟ್ಟಿನಿಂದ ಇಳಿದ ನೀರು ಬುಡದಲ್ಲೇ ಹೆಪ್ಪುಗಟ್ಟಿ, ಮಂಜುಗಡ್ಡೆ ಕೆಳಗಿಂದ ಮೇಲಕ್ಕೆ ಬೆಳೆದು ಕಾಯಿಲನ್ನೇ ಮುಟ್ಟಿತ್ತು. ಈಗ ಅದನ್ನು ಎತ್ತರದ ಸ್ಟ್ಯಾಂಡ್ ಮೇಲೆ ಕೂರಿಸಿ, ಮೇಲೊಂದು ಚಿಕ್ಕ ಛಾವಣಿ ಹಾಕಿಸಿದ್ದೀವಿ. ಸದ್ದೂ ಇಲ್ಲ, ಗಡ್ಡೆಯೂ ಇಲ್ಲ.

ನಿಮ್ಮೂರಲ್ಲಿ ನೆಲದ ಮೇಲೆ ಎಷ್ಟು ಹಿಮ ನಿಲ್ಲುತ್ತೋ ಅದಕ್ಕಿಂತ ಮೇಲೆ ಯೂನಿಟ್ ಇರಲಿ. ಒಂದೂವರೆ ಎರಡು ಅಡಿ ಸ್ಟ್ಯಾಂಡ್ ಸಾಮಾನ್ಯ. ನಡೆಯೋ ದಾರಿ ಪಕ್ಕ ಬೇಡ, ಇಳಿದ ನೀರು ಅಲ್ಲಿ ಗಾಜಾಗುತ್ತೆ. ತಳದ ತೂತಿಗೆ ಡ್ರೈನ್ ಪೈಪ್ ಸಿಕ್ಕಿಸಿದ್ದರೆ ತೆಗೆಸಿ. ಚಳಿ ಊರಲ್ಲಿ ಪೈಪಿನೊಳಗೇ ನೀರು ಗಟ್ಟಿಯಾಗುತ್ತೆ, ಸುಮ್ನೆ ಕೆಳಗೆ ಬೀಳಲಿ ಬಿಡಿ. ತಳಕ್ಕೆ ಪ್ಯಾನ್ ಹೀಟರ್ ಇದೆಯಾ ಅಂತಲೂ ಕೇಳಿ.

ಟೊರಾಂಟೊ_ಟೀ_ಪುಡಿ
ಇದೇ ಎಳೆಯಲ್ಲಿ ಕೇಳಿಬಿಡ್ತೀನಿ. ನಮ್ಮದು ಹೊಸದು. ನಿನ್ನೆ ಓಡ್ತಾ ಓಡ್ತಾ ಹೊರಗಿನ ಫ್ಯಾನ್ ನಿಂತಿತು. ಬುಸ್ ಅಂತ ಸದ್ದು, ಆಮೇಲೆ ಯೂನಿಟ್ಟಿಂದ ದಟ್ಟವಾಗಿ ಹೊಗೆ! ಯಜಮಾನರು ಬ್ರೇಕರ್ ಇಳಿಸೋಕೆ ಓಡಿದರು. ಸುಟ್ಟುಹೋಯಿತಾ?

ಪೀಣ್ಯ_ಟು_ವಿನ್ನಿಪೆಗ್
ಇಲ್ಲ ಅಕ್ಕ, ಅದು ಆವಿ. ಡಿಫ್ರಾಸ್ಟ್ ಅಂತಾರೆ. ಹೊರಗಿನ ಕಾಯಿಲ್ ಮೇಲೆ ಗಾಳಿಯ ತೇವ ಹಿಮದ ಪದರವಾಗಿ ಕೂತುಬಿಡುತ್ತೆ. ಅದನ್ನು ಕರಗಿಸೋಕೆ ಯಂತ್ರ ಸ್ವಲ್ಪ ಹೊತ್ತು ಉಲ್ಟಾ ಓಡಿ, ಮನೆಯ ಬಿಸಿಯನ್ನೇ ಹೊರಗೆ ಕಳಿಸುತ್ತೆ. ಬುಸ್ ಅಂದಿದ್ದು ರಿವರ್ಸಿಂಗ್ ವಾಲ್ವ್ ತಿರುಗಿದ ಸದ್ದು. ಕೆಲವು ನಿಮಿಷ, ಅಷ್ಟೇ. ಒಳಗೆ ಗಾಳಿ ತಣ್ಣಗೆ ಬರದ ಹಾಗೆ ಆಗ ಬ್ಯಾಕಪ್ ಹೀಟ್ ಸೇರಿಕೊಳ್ಳುತ್ತೆ.

ಇದು ಜಾಸ್ತಿ ಆಗೋದು ಕಡು ಚಳಿಯಲ್ಲಲ್ಲ, ಸೊನ್ನೆಯ ಆಸುಪಾಸಿನ ಒದ್ದೆ ಹವೆಯಲ್ಲಿ. ಮೈನಸ್ 25ರ ಗಾಳಿಯಲ್ಲಿ ನೀರಿನಂಶ ತೀರಾ ಕಮ್ಮಿ. ಯೋಚನೆ ಮಾಡಬೇಕಾದ್ದು ಯಾವಾಗ ಅಂದರೆ, ಡಿಫ್ರಾಸ್ಟ್ ಆದ ಮೇಲೂ ಕಾಯಿಲ್ ಪೂರ್ತಿ ಬಿಳಿಯಾಗೇ ಉಳಿದರೆ. ಆಗ ಸೆನ್ಸರ್, ವಾಲ್ವ್ ಅಥವಾ ರೆಫ್ರಿಜರೆಂಟ್ ಕಮ್ಮಿಯಾಗಿರೋದು, ಇವುಗಳಲ್ಲಿ ಏನೋ ಒಂದು. ಚಾಕು, ಸ್ಕ್ರೂಡ್ರೈವರ್ ಹಿಡಿದು ಕೆರೆಯೋಕೆ ಹೋಗಬೇಡಿ, ತೂತಾದರೆ ರೆಫ್ರಿಜರೆಂಟ್ ಎಲ್ಲ ಹೋಯಿತು. ಆಫ್ ಮಾಡಿ ಉಗುರು ಬೆಚ್ಚಗಿನ ನೀರು ಹಾಕಿ.

ಮತ್ತೆ ಯಜಮಾನರಿಗೆ ಹೇಳಿ, ಚಳಿಗಾಲದಲ್ಲಿ ಬ್ರೇಕರ್ ಇಳಿಸಿ ಬಿಡಬಾರದು. ಕಂಪ್ರೆಸರ್ ಬುಡ ಬೆಚ್ಚಗಿಡೋ ಹೀಟರಿಗೂ ಅದೇ ಕರೆಂಟ್. ತುಂಬ ಹೊತ್ತು ಆಫ್ ಆಗಿದ್ದರೆ ಮತ್ತೆ ಓಡಿಸೋ ಮುಂಚೆ ಕಂಪನಿ ಹೇಳಿದಷ್ಟು ಗಂಟೆ ಕರೆಂಟ್ ಕೊಟ್ಟು ಕಾಯಬೇಕು.

ಗ್ಲೀಬ್_ನಿವಾಸಿ
ಬಾರ್‌ಹೇವನ್‌ನವರ ಅಮ್ಮನ ಬಗ್ಗೆ ಒಂದು ಮಾತು. ನಮ್ಮತ್ತೆ ಬಂದಾಗ ದಿನಾ ವೆಂಟ್ ಮೇಲೆ ಕೈ ಇಟ್ಟು "ಇದೇನು, ಬಿಸಿನೇ ಬರ್ತಿಲ್ಲ" ಅನ್ನೋರು. ಗ್ಯಾಸ್ ಫರ್ನೇಸ್ ಗಾಳಿ 50, 60 ಡಿಗ್ರಿ ಇರುತ್ತೆ, ಕೈಗೆ ಚುರುಕ್ ಅನ್ನುತ್ತೆ. ಹೀಟ್ ಪಂಪ್ ಗಾಳಿ 35, 40. ನಮ್ಮ ಮೈ ಬಿಸಿಯೇ 37 ಅಲ್ವಾ, ಅದಕ್ಕೆ ತಣ್ಣಗಿದೆ ಅನ್ನಿಸುತ್ತೆ. ಆದರೆ ಅದು ಬಿಡದೆ ಬರ್ತಾ ಇರುತ್ತೆ, ರೂಮು 21ರಲ್ಲೇ ನಿಂತಿರುತ್ತೆ. ಕೊನೆಗೆ ಗೋಡೆ ಮೇಲೊಂದು ಥರ್ಮಾಮೀಟರ್ ತಗುಲಿಹಾಕಿದೆವು. ಅಂಕಿ ನೋಡಿದ ಮೇಲೆ ಅವರು ಬಿಸಿ ವಿಷಯ ಬಿಟ್ಟು ಬೇರೆ ವಿಷಯ ಹಿಡಿದರು.

ವೆಂಟ್ ಎದುರು ಅವರ ಮಂಚ, ಕುರ್ಚಿ ಇಡಬೇಡಿ. ಅಷ್ಟು ಮಾಡಿದರೆ ಸಾಕು.

ಮಿನ್ನೆಸೋಟದ_ಮಾವ
ಥರ್ಮೋಸ್ಟಾಟಿನ ವಿಷಯ ಬಂತು ಅಂತ ಹೇಳ್ತೀನಿ. ರಾತ್ರಿ 16ಕ್ಕೆ ಇಳಿಸಿ ಬೆಳಿಗ್ಗೆ 21ಕ್ಕೆ ಏರಿಸೋ ಅಭ್ಯಾಸ ಫರ್ನೇಸ್ ಕಾಲದ್ದು. ಹೀಟ್ ಪಂಪಿಗೆ ಅದು ಹೊಂದಲ್ಲ. ಒಂದೇ ಸಲ 5 ಡಿಗ್ರಿ ಕೇಳಿದರೆ ಬ್ಯಾಕಪ್ ಹೀಟರ್ ಆನ್ ಆಗುತ್ತೆ. ಅದು ಕರೆಂಟ್ ಕಾಯಿಲ್ ಆಗಿದ್ದರೆ ಸಿಒಪಿ ಬರೀ ಒಂದು. ರಾತ್ರಿ ಉಳಿಸಿದ್ದು ಬೆಳಿಗ್ಗೆ ಕಾಫಿ ಕುಡಿಯೋದರೊಳಗೆ ಖರ್ಚು. ಒಂದೆರಡು ಡಿಗ್ರಿ ಇಳಿಸಿ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಬೇಡ.

ಸ್ಟಾಕ್‌ಹೋಮ್_ಸಿಹಿಕಹಿ
ಇಲ್ಲಿ ಸ್ವೀಡನ್ನಲ್ಲಿ ಸ್ವಂತ ಮನೆ ಇರೋರು ತುಂಬ ಜನ ಬೆರಿವಾರ್ಮೆ ಹಾಕಿಸ್ತಾರೆ. ಅಂಗಳದ ಬಂಡೆಗೆ 100ರಿಂದ 200 ಮೀಟರ್, ಕೆಲವೊಮ್ಮೆ ಅದಕ್ಕೂ ಆಳ ಬೋರ್ ಕೊರೆದು, ಪೈಪಲ್ಲಿ ಹೆಪ್ಪುಗಟ್ಟದ ದ್ರವ ಸುತ್ತಿಸ್ತಾರೆ. ಊರಲ್ಲಿ ಬೋರ್ ಕೊರೆಸಿದರೆ ನೀರು ಬಂತಾ ಅಂತ ಕೇಳ್ತಾರೆ, ಇಲ್ಲಿ ನೀರು ಯಾರಿಗೂ ಬೇಡ, ಬಂಡೆಯ ಬಿಸಿ ಸಾಕು! ಹೊರಗೆ ಮೈನಸ್ 20 ಇದ್ದರೂ ಆ ದ್ರವ ಸೊನ್ನೆಯ ಹತ್ತಿರವೇ ಇರುತ್ತೆ. ಹಾಗಾಗಿ ಡಿಫ್ರಾಸ್ಟ್ ಇಲ್ಲ, ಹಿಮದ ಕಾಟ ಇಲ್ಲ. ದುಡ್ಡು ಮಾತ್ರ ಮೊದಲೇ ಸುರಿಯಬೇಕು.

ರೇಡಿಯೇಟರಿಗೆ ನೀರು ಕಳಿಸೋ ಪದ್ಧತಿ ಇರೋರು ಒಂದು ನೆನಪಿಡಿ: ಹೀಟಿಂಗ್ ಕರ್ವ್. ಹೊರಗಿನ ಚಳಿಗೆ ತಕ್ಕಂತೆ ಎಷ್ಟು ಬಿಸಿ ನೀರು ಹೋಗಬೇಕು ಅನ್ನೋ ಸೆಟ್ಟಿಂಗ್ ಅದು. ಬಂದು ಜೋಡಿಸಿದವರು ದೂರು ಬರಬಾರದು ಅಂತ ಎತ್ತರಕ್ಕೆ ಇಟ್ಟು ಹೋಗ್ತಾರೆ. ನಾವು ಸ್ವಲ್ಪ ಸ್ವಲ್ಪ ಇಳಿಸಿ, ಒಂದೆರಡು ದಿನ ಬಿಟ್ಟು, ಮನೆ ಬೆಚ್ಚಗೇ ಇದ್ದರೆ ಇನ್ನೂ ಇಳಿಸಿದ್ವಿ. ನೀರು ತಣ್ಣಗಾದಷ್ಟೂ ಕಂಪ್ರೆಸರಿಗೆ ಕೆಲಸ ಕಮ್ಮಿ.

ಮಲೆನಾಡ್_ಟು_ಮೇನ್
ಮೇಂಟೆನೆನ್ಸ್ ಬಗ್ಗೆ ಯಾರೂ ಹೇಳಿಲ್ಲ, ಅದರಲ್ಲೂ ನಮ್ಮ ಅಡುಗೆಮನೆಯ ಬಗ್ಗೆ. ಗೋಡೆ ಮೇಲಿನ ಮಿನಿ ಸ್ಪ್ಲಿಟ್ ಅಡುಗೆಮನೆಗೆ ಹತ್ತಿರ ಇದ್ದರೆ ಒಗ್ಗರಣೆ ಹೊಗೆ ಪೂರ್ತಿ ಅದೇ ಎಳ್ಕೊಳ್ಳುತ್ತೆ. ಎಣ್ಣೆ ಪಸೆಗೆ ಧೂಳು ಸೇರಿ ಫಿಲ್ಟರ್ ಮೇಲೆ ಕಂದು ಜಿಡ್ಡು. ಫಿಲ್ಟರ್ ದಾಟಿ ಒಳಗಿನ ಉರುಟು ಬ್ಲೋವರ್ ಚಕ್ರದ ಎಸಳುಗಳ ಮೇಲೂ ಕೂರುತ್ತೆ. ಟಾರ್ಚ್ ಹಿಡಿದು ಗಾಳಿ ಬರೋ ಬಾಯಲ್ಲಿ ನೋಡಿ, ಎಸಳು ದಪ್ಪಗೆ ಕಂಡರೆ ಅದೇ. ಬೇಸಿಗೆಯಲ್ಲಿ ಅಲ್ಲೇ ತೇವ ನಿಂತು ಬೂಷ್ಟು, ಮುಗ್ಗಲು ವಾಸನೆ. ಗಾಳಿ ಕಮ್ಮಿಯಾಗುತ್ತೆ, ಬಿಸಿಯೂ ಕಮ್ಮಿಯಾಗುತ್ತೆ, ನಾವು ಯಂತ್ರವನ್ನ ಬೈತೀವಿ.

ಫಿಲ್ಟರ್ ಎರಡು ವಾರಕ್ಕೊಮ್ಮೆ ಪಾತ್ರೆ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಹಾಕಿ. ಬ್ಲೋವರ್ ಚಕ್ರ ಮಾತ್ರ ಬಲ್ಲವರಿಂದ ಬಿಚ್ಚಿಸಿ ತೊಳೆಸಿ. ಒಗ್ಗರಣೆ ಹಾಕೋವಾಗ ಹೊರಗೆ ಗಾಳಿ ಬಿಡೋ ಚಿಮಣಿ ಫ್ಯಾನ್ ಓಡಿಸಿ. ಅಷ್ಟು ಹೊತ್ತು ಮಿನಿ ಸ್ಪ್ಲಿಟ್ ಫ್ಯಾನ್ ಕಮ್ಮಿಗೆ ಇಡ್ತೀವಿ ನಾವು.

ಜಯನಗರ_4ನೇ_ಬ್ಲಾಕ್
ಬೆಂಗಳೂರಿಂದ ಓದ್ತಾ ಇದ್ದೀನಿ. ನಮ್ಮ ಅಪಾರ್ಟ್‌ಮೆಂಟಲ್ಲಿ ಬಿಸಿನೀರಿಗೆ ಹೀಟ್ ಪಂಪ್ ಹಾಕಿಸೋ ಮಾತಿದೆ. ಈ ಚಳಿ ರಗಳೆ ನಮಗಿಲ್ಲ ತಾನೇ?

ಪೀಣ್ಯ_ಟು_ವಿನ್ನಿಪೆಗ್
ಇಲ್ಲ ಸರ್, ನಿಮ್ಮ ಹವೆ ಅದಕ್ಕೆ ಹೇಳಿ ಮಾಡಿಸಿದ್ದು. ನಿಮಗಿರೋದು ಗಡಸು ನೀರಿನ ರಗಳೆ. ಬೋರ್‌ವೆಲ್ ನೀರಾದರೆ ಒಳಗೆ ಸುಣ್ಣ ಕಟ್ಟುತ್ತೆ, ಸಾಫ್ಟನರ್ ಬಗ್ಗೆ ಮೊದಲೇ ವಿಚಾರಿಸಿ.

ಬೆಂಗಳೂರು ಅಂದಕೂಡಲೇ ನೆನಪಾಯಿತು. ಅಲ್ಲಿ ಎಸಿ ಹಾಕೋವಾಗ ಎಷ್ಟೋ ಜನ ವ್ಯಾಕ್ಯೂಮ್ ಪಂಪೇ ತರಲ್ಲ, ಸ್ವಲ್ಪ ಗ್ಯಾಸ್ ಬಿಟ್ಟು ಪೈಪಿನ ಗಾಳಿ ಹೊರದಬ್ಬಿ "ಆಯ್ತು ಸರ್" ಅಂತಾರೆ. ಇಲ್ಲೂ ಅವಸರದವರು ಇದ್ದಾರೆ. ಬಾರ್‌ಹೇವನ್‌ನವರೇ, ಕೆಲಸದ ದಿನ ಮನೆಯಲ್ಲೇ ಇರಿ. ಪೈಪ್ ಜೋಡಿಸಿದ ಮೇಲೆ ನೈಟ್ರೋಜನ್ ತುಂಬಿ ಸೋರಿಕೆ ನೋಡಬೇಕು. ಆಮೇಲೆ ವ್ಯಾಕ್ಯೂಮ್ ಎಳೀಬೇಕು, ಮೀಟರಿನಲ್ಲಿ 500 ಮೈಕ್ರಾನ್‌ಗಿಂತ (ವ್ಯಾಕ್ಯೂಮ್ ಅಳೆಯೋ ಮಾಪ) ಕೆಳಗೆ ಬರಬೇಕು, ಪಂಪ್ ನಿಲ್ಲಿಸಿದ ಮೇಲೂ ಬೇಗ ಏರಬಾರದು. ಮೀಟರಿನ ಫೋಟೊ ತಗೊಳ್ಳಿ. ಪೈಪ್ ಸೇರಿಸೋ ಫ್ಲೇರ್ ನಟ್ ಬಿಗಿ ಮಾಡೋಕೆ ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ತೋರಿಸೋ ಸ್ಪ್ಯಾನರ್) ಇದೆಯಾ ನೋಡಿ. ಮೊದಲ ಚಳಿಗಾಲದಲ್ಲೇ ಗ್ಯಾಸ್ ಸೋರೋ ಯಂತ್ರಗಳಲ್ಲಿ ನಾನು ಮೊದಲು ನೋಡೋದೇ ಆ ನಟ್ಟುಗಳನ್ನ.

ಬಾರ್‌ಹೇವನ್_ಕನ್ನಡಿಗ
ಎಲ್ಲರಿಗೂ ಥ್ಯಾಂಕ್ಸ್. ಇನ್ನೊಬ್ಬರನ್ನು ಕರೆಸಿದ್ದೆ. ಮನೆ ಒಳಗೆಲ್ಲ ಓಡಾಡಿ, ಕಿಟಕಿ ಅಳೆದು, ಡಕ್ಟ್ ಪ್ರೆಶರ್ ನೋಡಿ ಎಫ್280 ಮಾಡಿಕೊಟ್ಟರು. ಗಂಟೆಗೆ 24,000 ಬಿಟಿಯು ಬಂತು, ನಿಮ್ಮ ಅಂದಾಜಿಗೆ ಹತ್ತಿರ ಸರ್. ಎರಡು ದಾರಿ ಕೊಟ್ಟಿದ್ದಾರೆ. ಒಂದು, ಮೈನಸ್ 25ರಲ್ಲೂ ಅಷ್ಟು ಬಿಸಿ ಕೊಡೋ 3 ಟನ್, ಬ್ಯಾಕಪ್ಪಿಗೆ 15 ಕಿಲೋವ್ಯಾಟ್ ಕರೆಂಟ್ ಹೀಟರ್. ಇನ್ನೊಂದು, 2 ಟನ್ ಜೊತೆ ಹೊಸ ಗ್ಯಾಸ್ ಫರ್ನೇಸ್. ನಮ್ಮ ಮನೆಯ ಕರೆಂಟ್ ಪ್ಯಾನೆಲ್ 100 ಆಂಪ್. ಮತ್ತೆ 2023ರ ಏಪ್ರಿಲ್‌ನ ಐಸ್ ಸ್ಟಾರ್ಮಿನ ಥರ ಕರೆಂಟ್ ಹೋದರೆ ಗ್ಯಾಸ್ ಇದ್ದರೆ ವಾಸಿ ಅಂತ ಮನೆಯವರ ಅಭಿಪ್ರಾಯ.

ಗ್ಲೀಬ್_ನಿವಾಸಿ
ಕರೆಂಟ್ ಹೋದರೆ ಫರ್ನೇಸೂ ಓಡಲ್ಲ ಕಣ್ರೀ, ಬ್ಲೋವರಿಗೆ ಕರೆಂಟ್ ಬೇಡ್ವಾ? ಒಂದೇ ಅನುಕೂಲ ಅಂದರೆ ಅದಕ್ಕೆ ಚಿಕ್ಕ ಜನರೇಟರ್ ಸಾಕಾಗುತ್ತೆ, ಹೀಟ್ ಪಂಪಿಗೆ ಸಾಲಲ್ಲ.

ಪೀಣ್ಯ_ಟು_ವಿನ್ನಿಪೆಗ್
15 ಕಿಲೋವ್ಯಾಟ್ ಅಂದರೆ 240 ವೋಲ್ಟಿನಲ್ಲಿ 62 ಆಂಪ್ ದಾಟುತ್ತೆ. 100 ಆಂಪ್ ಪ್ಯಾನೆಲ್ಲಿಗೆ ಅದು ಭಾರ, 200ಕ್ಕೆ ಏರಿಸಿ ಅಂತಾರೆ, ಅದೊಂದು ಖರ್ಚು. ಆದರೆ ನಿಮಗೆ 15 ಯಾಕೆ? ಇಡೀ ಮನೆ ಕೇಳೋದೇ 7 ಕಿಲೋವ್ಯಾಟ್. 3 ಟನ್ ಯಂತ್ರ ಮೈನಸ್ 25ರಲ್ಲೂ ಅಷ್ಟು ಕೊಡುತ್ತೆ ಅಂದಮೇಲೆ 5 ಕಿಲೋವ್ಯಾಟ್ ಹೀಟರ್ ಡಿಫ್ರಾಸ್ಟಿಗೆ, ಕಡು ಚಳಿಯ ರಾತ್ರಿಗೆ ಸಾಕು. ಯಂತ್ರವೇ ಕೆಟ್ಟು ಕೂತರೂ ಪೂರ್ತಿ ಬಿಸಿ ಬೇಕು ಅನ್ನೋದಾದರೆ ಏಳೂವರೆ ಅಥವಾ 10. ಎಲೆಕ್ಟ್ರಿಷಿಯನ್ ಹತ್ತಿರ ಲೋಡ್ ಲೆಕ್ಕ ಮಾಡಿಸಿ, 100 ಆಂಪಲ್ಲೇ ಮುಗಿದರೂ ಮುಗೀಬಹುದು. ಗ್ಯಾಸ್ ಉಳಿಸಿಕೊಳ್ಳೋದಾದರೆ ಎರಡನೇ ದಾರಿಯೂ ಸರಿಯೇ. ಆಗ ಯಾವ ಉಷ್ಣತೆಗೆ ಗ್ಯಾಸಿಗೆ ತಿರುಗಬೇಕು ಅನ್ನೋದನ್ನ ಮಾವನವರು ಹಾಕಿದ ಲೆಕ್ಕದಲ್ಲಿ ನಿಮ್ಮ ಬಿಲ್ಲಿನ ದರ ಇಟ್ಟು ನೀವೇ ಹಾಕ್ಕೊಳ್ಳಿ. ಜೋಡಿಸೋರು ಸುಮ್ನೆ ಸೊನ್ನೆ ಡಿಗ್ರಿಗೆ ಇಟ್ಟು ಹೋದರೆ ಹೀಟ್ ಪಂಪ್ ಚಳಿಗಾಲವಿಡೀ ಖಾಲಿ ಕೂರುತ್ತೆ.

ಕೊಟೇಶನ್ನಿನಲ್ಲಿ ಸ್ಟ್ಯಾಂಡ್ ಎತ್ತರ ಎಷ್ಟು ಅಂತ ಬರೆದಿದ್ದಾರಾ?

ಬಾರ್‌ಹೇವನ್_ಕನ್ನಡಿಗ
12 ಇಂಚು ಅಂತ ಇದೆ. ಜಾಗ ಸೂರಿನ ಕೆಳಗೇ.

ಮಲೆನಾಡ್_ಟು_ಮೇನ್
24 ಮಾಡಿಸಿ. ಜಾಗವನ್ನ ಗೇಬಲ್ ಕಡೆ (ಛಾವಣಿ ತ್ರಿಕೋನವಾಗಿ ಕಾಣೋ ಬದಿ) ಗೋಡೆಗೆ ಬದಲಾಯಿಸೋಕೆ ಹೇಳಿ, ಆ ಕಡೆ ಸೂರಿನ ನೀರು ಇಳಿಯಲ್ಲ. ಪೈಪ್ ಸ್ವಲ್ಪ ಉದ್ದ ಆಗುತ್ತೆ, ಅದಕ್ಕೆ ಎಷ್ಟು ಜಾಸ್ತಿ ಕೇಳ್ತಾರೋ ಸಹಿ ಹಾಕೋ ಮುಂಚೆಯೇ ಬರೆಸ್ಕೊಳ್ಳಿ.